ಹಾಲಿನ ಕ್ಯಾನಿನ ಒಳಮೈ

ನಮ್ಮ ಜತ್ತ ಭಾಗದಲ್ಲಿ ಮಳೆ ಕಡಿಮೆ. ಬೆಳೆ ಕೈಕೊಟ್ಟ ವರ್ಷ ಎಮ್ಮೆಯ ಹಾಲೇ ಮನೆ ನಡೆಸುತ್ತದೆ. ಅಂಥ ಹಾಲು ಸಂಗ್ರಹ ಕೇಂದ್ರದಲ್ಲಿ ಒಡೆದು ತಿರುಗಿ ಬಂದರೆ ಆಗುವ ಸಂಕಟವನ್ನು ರೈತ ಬಂಧುಗಳಿಗೆ ಹೇಳಬೇಕಾಗಿಲ್ಲ.

ಕಳೆದ ಬೇಸಿಗೆಯಲ್ಲಿ ನಮ್ಮ ಮನೆಗೆ ಈ ಅನುಭವ ಒಂದೇ ವಾರದಲ್ಲಿ ಎರಡು ಸಲ ಆಯಿತು. ಮನೆಯ ಹಿರಿಯರು ದೃಷ್ಟಿ ತಾಗಿತೆಂದರು. ನಾನು ಮೇವಿನ ಮೇಲೆ ಸಂಶಯಪಟ್ಟೆನು. ಆದರೆ ಅದೇ ಎಮ್ಮೆಗಳ, ಅದೇ ಹೊತ್ತಿನ ಹಾಲು ಉಕ್ಕಿನ ಕ್ಯಾನಿನಲ್ಲಿ ಚೆನ್ನಾಗಿಯೇ ಇತ್ತು. ಪ್ಲಾಸ್ಟಿಕ್ ಕ್ಯಾನಿನದು ಮಾತ್ರ ಕೆಟ್ಟಿತ್ತು. ಬ್ಯಾಟರಿ ಹಿಡಿದು ಒಳಗೆ ನೋಡಿದೆನು. ಗೋಡೆಯ ತುಂಬ ಕೂದಲೆಳೆಯಂಥ ಗೀರುಗಳು, ಗೀರುಗಳಲ್ಲಿ ಹಳದಿ ಜಿಡ್ಡು. ಬೆರಳಾಡಿಸಿದರೆ ಲೋಳೆ. ಆ ಗೀರುಗಳನ್ನು ಮಾಡಿದವನು ನಾನೇ. ಸ್ವಚ್ಛತೆಯ ಹುರುಪಿನಲ್ಲಿ ದಿನಾಲು ಬೂದಿ ಮತ್ತು ತೆಂಗಿನ ನಾರಿನಿಂದ ಕಸುವು ಹಾಕಿ ತಿಕ್ಕುತ್ತಿದ್ದೆನು!

ಸೂಕ್ಷ್ಮಜೀವಿ ಅಂಟಿಕೊಳ್ಳುವ ಬಗೆ

ಸೂಕ್ಷ್ಮಜೀವಿಗಳು ಎಷ್ಟು ಸಣ್ಣವೆಂದರೆ ಸುಮಾರು ಸಾವಿರವನ್ನು ಸಾಲಾಗಿ ನಿಲ್ಲಿಸಿದರೆ ಒಂದು ಮಿಲಿಮೀಟರು ಆದೀತು. ನಮ್ಮ ಕಣ್ಣಿಗೆ ಗೀರಾಗಿರುವುದು ಅವುಗಳಿಗೆ ಹಳ್ಳ. ಅಲ್ಲಿ ಕುಳಿತರೆ ಕುಂಚವೂ ಮುಟ್ಟದು, ನೀರಿನ ಸೆಳವೂ ಒಯ್ಯದು.

ಅವು ಬರಿಯ ಗೋಡೆಗೆ ಅಂಟುವುದು ಕಡಿಮೆ. ಮೊದಲು ಹಾಲಿನ ಸಸಾರಜನಕ ಮತ್ತು ಕೊಬ್ಬು ಪಾತ್ರೆಗೆ ತೆಳುವಾದ ಪದರವಾಗಿ ಹತ್ತುತ್ತವೆ. ಜೀವಿಗಳು ಬಂದು ಕೂಡ್ರುವುದು ಅದರ ಮೇಲೆ. ಆರಂಭದಲ್ಲಿ ಅವುಗಳ ಹಿಡಿತ ಸಡಿಲ. ಚೆನ್ನಾಗಿ ತೊಳೆದರೆ ಹೋಗುತ್ತವೆ. ಕೆಲವು ತಾಸು ಬಿಟ್ಟರೆ ಅಂಟಿನಂಥ ರಸವನ್ನು ಸುರಿಸಿ, ಅದರೊಳಗೆ ಮನೆ ಮಾಡಿಕೊಂಡು, ಒಂದರ ಮೇಲೊಂದು ಬೆಳೆಯುತ್ತವೆ. ಇದಕ್ಕೆ ವಿಜ್ಞಾನಿಗಳು ಬಯೋಫಿಲ್ಮ್ ಎನ್ನುತ್ತಾರೆ. ಅನುಕೂಲ ದೊರೆತರೆ ಕೆಲವು ಜಾತಿಯವು ೨೦ ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಆ ಲೆಕ್ಕದಲ್ಲಿ ಒಂದು ಜೀವಿ ೮ ತಾಸಿನಲ್ಲಿ ೧,೬೭,೭೭,೨೧೬ ಆಗುತ್ತದೆ. ಶಾಲೆಯ ಹುಡುಗರಿಂದ ಈ ಗುಣಾಕಾರವನ್ನು ಮಾಡಿಸಿ ನೋಡಬಹುದು.

ಹಾಲೆಂಡಿನ ಲೇವೆನ್‌ಹುಕ್ ಎಂಬವರು ೧೬೮೩ರಲ್ಲಿಯೇ ತಮ್ಮ ಹಲ್ಲಿನ ಕಿಟ್ಟವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಇಂಥ ಜೀವಿಗಳನ್ನು ಕಂಡರು. ಅವುಗಳಿಗೆ ನೇರವಾಗಿ ಹುಳಿಕಾಡಿ ಬೆರೆಸಿದರೆ ಕೂಡಲೆ ಸತ್ತವು. ಆದರೆ ಹುಳಿಕಾಡಿಯಿಂದ ಬಾಯಿ ಮುಕ್ಕಳಿಸಿದಾಗ ಕಿಟ್ಟದ ಹೊರಗಿನವು ಮಾತ್ರ ಸತ್ತು, ಒಳಗಿನವು ಉಳಿದವು. ನಮ್ಮ ಕ್ಯಾನಿನ ಲೋಳೆಯೂ ಹೀಗೆಯೇ. ಮೇಲೆ ಔಷಧ ಸುರಿದರೆ ಒಳಗಿನವು ನಗುತ್ತ ಕೂತಿರುತ್ತವೆ.

ಲೇಪದಿಂದ ತಡೆಯಬಹುದೆ?

ಹಿತ್ತಾಳೆ ಪಾತ್ರೆಗೆ ನಮ್ಮ ಹಿರಿಯರು ಕಲಾಯಿ ಮಾಡಿಸುತ್ತಿದ್ದರು. ಅದರಂತೆ ಸೂಕ್ಷ್ಮಜೀವಿ ಅಂಟದಿರಲೆಂದು ವಿಜ್ಞಾನಿಗಳು ಪಾಲಿಮರ್ ಲೇಪಗಳನ್ನು ಮಾಡಿದ್ದಾರೆ. ಸಣ್ಣ ಅಣುಗಳು ಮಣಿಸರದಂತೆ ಪೋಣಿಸಿಕೊಂಡು ಆದ ಉದ್ದನ್ನ ಸರವೇ ಪಾಲಿಮರ್. ಹತ್ತಿಯ ನೂಲು, ರಬ್ಬರು, ಪ್ಲಾಸ್ಟಿಕ್ ಎಲ್ಲವೂ ಇದೇ ಕುಲದವು. ಲೇಪಗಳಲ್ಲಿ ಮುಖ್ಯವಾಗಿ ಮೂರು ಬಗೆ.

ಮೊದಲನೆಯದು ನೀರನ್ನು ಒಲ್ಲದ ಲೇಪ. ಅಮೆರಿಕದ ರಾಯ್ ಪ್ಲಂಕೆಟ್ ೧೯೩೮ರಲ್ಲಿ ಕಂಡುಹಿಡಿದ ಟೆಫ್ಲಾನ್ ಈ ಜಾತಿಯದು. ಇದರ ಹಂಚಿಗೆ ದೋಸೆ ಹತ್ತದು. ಆದರೆ ಸೂಕ್ಷ್ಮಜೀವಿ ಹತ್ತುವುದೇ ಇಲ್ಲವೆನ್ನಲಾಗದು. ಕೆಲವು ಜೀವಿಗಳ ಮೈಯೂ ನೀರನ್ನು ಒಲ್ಲದ್ದೇ. ಅವು ಇಲ್ಲಿಯೂ ಕೂಡ್ರುತ್ತವೆ. ಹಿಡಿತ ಸಡಿಲವಾಗಿರುವುದರಿಂದ ತೊಳೆಯುವುದು ಸುಲಭ, ಅಷ್ಟೆ.

ಎರಡನೆಯದು ನೀರನ್ನು ಪ್ರೀತಿಸುವ ಲೇಪ. ಪಾಲಿಎಥಿಲೀನ್ ಗ್ಲೈಕೋಲಿನ ಸರಗಳು ನೀರಿನಲ್ಲಿ ಒತ್ತಾದ ಹುಲ್ಲಿನಂತೆ ಎದ್ದು ನಿಂತು ತಮ್ಮ ಸುತ್ತ ನೀರನ್ನು ಹಿಡಿದಿಡುತ್ತವೆ. ಬಂದ ಜೀವಿಗೆ ನೀರೇ ಸಿಗುತ್ತದೆ, ಕಾಲೂರಲು ನೆಲ ಸಿಗದು. ಆದರೆ ಕಾಲ ಕಳೆದಂತೆ ಈ ಸರಗಳು ತುಂಡಾಗುತ್ತವೆ.

ಮೂರನೆಯದು ಮುಟ್ಟಿದವನ್ನು ಕೊಲ್ಲುವ ಲೇಪ. ಅಮೆರಿಕದಲ್ಲಿ ಟಿಲ್ಲರ್, ಕ್ಲಿಬನೊವ್ ಮೊದಲಾದವರು ೨೦೦೧ರಲ್ಲಿ ಧನವಿದ್ಯುತ್ತುಳ್ಳ ಪಾಲಿಮರ್ ಸರಗಳನ್ನು ಗಾಜಿಗೆ ಕೂಡಿಸಿ ಇದನ್ನು ತೋರಿಸಿದರು. ಇಂಥ ಲೇಪಕ್ಕೂ ಒಂದು ತೊಡಕು ಉಂಟು. ಸತ್ತವುಗಳ ಹೆಣಗಳೇ ಹಾಸಾಗಿ, ಮುಂದೆ ಬಂದವು ಅದರ ಮೇಲೆ ಸುಖವಾಗಿ ಕೂಡ್ರಬಹುದು.

ಮೂರರ ಪಾಠವೂ ಒಂದೇ. ಹಾಲಿನ ಜಿಡ್ಡು ಮುಚ್ಚಿದ ಮೇಲೆ ಲೇಪದ ಗುಣ ಜೀವಿಗಳಿಗೆ ಮುಟ್ಟುವುದಿಲ್ಲ. ತೊಳೆಯುವ ಕೆಲಸವನ್ನು ತಪ್ಪಿಸುವ ಲೇಪವಿಲ್ಲ. ನಮ್ಮ ಕ್ಯಾನಿಗಂತೂ ಅಂಥ ಲೇಪವೇ ಇಲ್ಲ. ಅದರ ನುಣುಪೇ ಅದರ ಕಲಾಯಿ. ಅದನ್ನು ನಾವೇ ಕೆರೆದು ಹಾಕಬಾರದು.

ತೊಳೆಯತಕ್ಕ ಕ್ರಮ

೧. ಹಾಲು ಸುರುವಿದ ಕೂಡಲೆ, ಜಿಡ್ಡು ಒಣಗುವ ಮೊದಲೇ, ತಣ್ಣೀರು ಅಥವಾ ಉಗುರುಬೆಚ್ಚನೆಯ ನೀರಿನಿಂದ ತೊಳೆಯಿರಿ. ಮೊದಲೇ ಕುದಿನೀರು ಹಾಕಿದರೆ ಹಾಲಿನ ಸಸಾರಜನಕ ಬೆಂದು ಗೋಡೆಗೆ ಹತ್ತುತ್ತದೆ.

೨. ಆಮೇಲೆ ಬಿಸಿನೀರಿಗೆ ತೊಳೆಯುವ ಸೋಡಾ ಹಾಕಿ ಮೆತ್ತನೆಯ ಕುಂಚದಿಂದ ತಿಕ್ಕಿರಿ. ಮುಚ್ಚಳ, ರಬ್ಬರಿನ ಬಳೆ, ಕ್ಯಾನಿನ ಕೊರಳು ಇವನ್ನು ಮರೆಯಬೇಡಿರಿ. ಬೂದಿ, ಉಸುಕು, ನಾರು, ತಂತಿಯ ಗುಂಜು ಬೇಡ.

೩. ಸ್ವಚ್ಛ ನೀರಿನಿಂದ ತೊಳೆದ ಬಳಿಕ, ೧೦ ಲೀಟರು ನೀರಿಗೆ ಸುಮಾರು ೭ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಕಲಸಿ, ತಿಳಿಯನ್ನು ಕ್ಯಾನಿನೊಳಗೆ ಆಡಿಸಿ, ಕೆಲವು ನಿಮಿಷ ಬಿಟ್ಟು, ಕುಡಿಯುವ ನೀರಿನಿಂದ ತೊಳೆಯಿರಿ. ಜಿಡ್ಡು ಹೋಗುವ ಮೊದಲೇ ಇದನ್ನು ಹಾಕಿದರೆ ಜಿಡ್ಡೇ ಔಷಧವನ್ನು ನುಂಗಿಬಿಡುತ್ತದೆ.

೪. ಸುಣ್ಣದಂಥ ಬಿಳಿ ಕಟ್ಟು ಕಂಡರೆ ಅದನ್ನು ನೀರು ಬೆರೆಸಿದ ಹುಳಿಕಾಡಿಯಿಂದ ಬೇರೆ ದಿನ ತೆಗೆಯಿರಿ. ಹುಳಿಯನ್ನೂ ಬ್ಲೀಚಿಂಗ್ ಪುಡಿಯನ್ನೂ ಎಂದಿಗೂ ಕೂಡಿಸಬಾರದು, ವಿಷವಾಯು ಏಳುತ್ತದೆ.

೫. ಕ್ಯಾನನ್ನು ಬೋರಲು ಹಾಕಿ ಪೂರ್ತಿ ಒಣಗಿಸಿರಿ. ಉಕ್ಕಿನದನ್ನು ಬಿಸಿಲಿಗೆ ಇಡಬಹುದು. ಪ್ಲಾಸ್ಟಿಕಿನದು ಬಹುಕಾಲದ ಬಿಸಿಲಿಗೆ ಪೆಡಸಾಗಿ ಬಿರಿಯುತ್ತದೆ. ಅದಕ್ಕೆ ಗಾಳಿಯಾಡುವ ನೆರಳೇ ಲೇಸು. ಹಸಿ ಕ್ಯಾನಿಗೆ ಮುಚ್ಚಳ ಹಾಕಿಡಬಾರದು.

೬. ಗೀರುಬಿದ್ದ ಪ್ಲಾಸ್ಟಿಕ್ ಕ್ಯಾನಿಗೆ ಮದ್ದಿಲ್ಲ. ಅದನ್ನು ಹಾಲಿನ ಕೆಲಸದಿಂದ ಬಿಡಿಸಿರಿ.

ನಾವು ಇನ್ನೊಂದು ಉಕ್ಕಿನ ಕ್ಯಾನು ಕೊಂಡೆವು. ಬೆಲೆ ಹೆಚ್ಚೆನಿಸಿತು, ಆದರೆ ಆ ಮೇಲೆ ನಮ್ಮ ಹಾಲು ತಿರುಗಿ ಬಂದಿಲ್ಲ. ಹಳೆಯ ಕ್ಯಾನು ಈಗ ಬದುವಿನ ನಿಂಬೆಗಿಡಗಳಿಗೆ ನೀರು ಹೊರುತ್ತದೆ. ಈ ರಾತ್ರಿ ಊಟವಾದ ಮೇಲೆ ನೀವೂ ಬ್ಯಾಟರಿ ಹಿಡಿದು ನಿಮ್ಮ ಕ್ಯಾನಿನ ಒಳಗೊಮ್ಮೆ ನೋಡಿರಿ. ಎಮ್ಮೆಯನ್ನು ಬೈಯುವುದು ಆಮೇಲಿರಲಿ.