ರಕ್ತ ಪರೀಕ್ಷೆಗೆ ಹೋಗುವಾಗ ಮಾತ್ರೆಯ ಚೀಲ ಮರೆಯದಿರಿ



ಮಣ್ಣು ಪರೀಕ್ಷೆಗೆ ಮಣ್ಣು ತೆಗೆಯುವಾಗ ತಿಪ್ಪೆಯ ಪಕ್ಕದಲ್ಲಾಗಲಿ, ಆಗತಾನೇ ಗೊಬ್ಬರ ಹಾಕಿದ ಕಡೆಯಲ್ಲಾಗಲಿ ತೆಗೆಯಬಾರದೆಂಬುದು ನಿಮಗೆ ತಿಳಿದ ವಿಷಯ. ತೆಗೆದರೆ ಹೊಲದ ನಿಜವಾದ ಗುಣ ತಿಳಿಯದು. ರಕ್ತ ಪರೀಕ್ಷೆಯೂ ಹೀಗೆಯೇ. ಸೇವಿಸಿದ ಔಷಧಿಯಿಂದ ಅದರ ಫಲಿತಾಂಶ ಬದಲಾಗಬಹುದು. ಇದು ಎರಡು ಬಗೆಯಲ್ಲಿ ಆಗುತ್ತದೆ.

ಮೊದಲನೆಯದು, ಔಷಧಿಯು ರಕ್ತದ ಸ್ಥಿತಿಯನ್ನೇ ಬದಲಾಯಿಸುವುದು. ಕೀಲುನೋವು, ಉಬ್ಬಸಗಳಿಗೆ ಕೊಡುವ ಪ್ರೆಡ್ನಿಸೋಲೋನ್ ಮುಂತಾದ ಸ್ಟೀರಾಯ್ಡ್ ಮಾತ್ರೆಗಳು ರಕ್ತದ ಸಕ್ಕರೆಯನ್ನು ಏರಿಸುತ್ತವೆ. ಕೀಲುನೋವಿಗೆಂದು ಮಾರುವ ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದೂ ಉಂಟು. ರಕ್ತದೊತ್ತಡಕ್ಕೆ ಕೊಡುವ, ಮೂತ್ರ ಹೆಚ್ಚಿಸುವ ಕೆಲವು ಮಾತ್ರೆಗಳು ಪೊಟ್ಯಾಸಿಯಂ ಅಂಶವನ್ನು ತಗ್ಗಿಸಿ ಯೂರಿಕ್ ಆಮ್ಲವನ್ನು ಹೆಚ್ಚಿಸುತ್ತವೆ. ಇಲ್ಲಿ ವರದಿ ಸುಳ್ಳಲ್ಲ. ಆದರೆ ಮಾತ್ರೆಯ ವಿಷಯ ತಿಳಿಯದಿದ್ದರೆ ವೈದ್ಯರು ಬೇರೆ ಕಾರಣ ಊಹಿಸಬೇಕಾಗುತ್ತದೆ.

ಎರಡನೆಯದು, ಪರೀಕ್ಷೆಯೇ ದಾರಿ ತಪ್ಪುವುದು. ಕೂದಲು ಉದುರದಿರಲೆಂದು ಅನೇಕರು ನುಂಗುವ ಬಯೋಟಿನ್ ಎಂಬ ಜೀವಸತ್ವವು ಹೆಚ್ಚು ಪ್ರಮಾಣದಲ್ಲಿದ್ದರೆ ಕೆಲವು ವಿಧಾನಗಳ ಥೈರಾಯ್ಡ್ ಪರೀಕ್ಷೆಯನ್ನು ಕೆಡಿಸುತ್ತದೆ. ಹೃದಯಾಘಾತ ಪತ್ತೆಹಚ್ಚುವ ಟ್ರೊಪೋನಿನ್ ಪರೀಕ್ಷೆಯಲ್ಲಿ ಇರುವುದಕ್ಕಿಂತ ಕಡಿಮೆ ತೋರಿಸಬಹುದು. ಹೀಗೆ ತಪ್ಪು ಫಲಿತಾಂಶ ಬಂದ ಬಳಿಕ ಒಬ್ಬ ರೋಗಿ ಮರಣ ಹೊಂದಿದ ವರದಿ ಬಂದಿದೆಯೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2017ರಲ್ಲಿ ಎಚ್ಚರಿಸಿತು.

ಇನ್ನು ಚಳಿಜ್ವರದ ಮಾತು. ಮನೆಯಲ್ಲಿ ಉಳಿದಿದ್ದ ಮಲೇರಿಯಾ ಮಾತ್ರೆ ನುಂಗಿ ಆಮೇಲೆ ರಕ್ತ ಕೊಟ್ಟರೆ, ರೋಗಾಣುಗಳು ಕಡಿಮೆಯಾಗಿ ಸೂಕ್ಷ್ಮದರ್ಶಕದಲ್ಲಿ ಕಾಣದೆ ಹೋಗಬಹುದು. ರೋಗವಿಲ್ಲವೆಂದು ತಿಳಿದು ಸುಮ್ಮನಿದ್ದರೆ ಜ್ವರ ಮರುಕಳಿಸುತ್ತದೆ. ಆದುದರಿಂದ ಜ್ವರ ಬಂದೊಡನೆ ಮೊದಲು ರಕ್ತ ಪರೀಕ್ಷೆ, ಬಳಿಕ ಮಾತ್ರೆ.

ನೀವು ಮಾಡಬೇಕಾದುದಿಷ್ಟು:

1. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗುವಾಗ ಮಾತ್ರೆ, ಟಾನಿಕ್, ನಾಟಿ ಔಷಧಿ ಎಲ್ಲವನ್ನೂ ಒಂದು ಚೀಲದಲ್ಲಿ ಒಯ್ದು ತೋರಿಸಿರಿ. ಇತ್ತೀಚೆಗೆ ಚುಚ್ಚುಮದ್ದು ಹಾಕಿಸಿಕೊಂಡಿದ್ದರೆ ಅದನ್ನೂ ಹೇಳಿರಿ.

2. ಪರೀಕ್ಷೆಯ ದಿನ ಬೆಳಗಿನ ಮಾತ್ರೆ ನುಂಗಬೇಕೋ ಬೇಡವೋ ಎಂಬುದನ್ನು ಮುಂಚಿತವಾಗಿ ಕೇಳಿಕೊಳ್ಳಿರಿ.

3. ವರದಿ ಸರಿಯಾಗಿ ಬರಲೆಂದು ನೀವಾಗಿಯೇ ಔಷಧಿ ನಿಲ್ಲಿಸಬೇಡಿರಿ. ಬಹುಕಾಲ ಸೇವಿಸಿದ ಸ್ಟೀರಾಯ್ಡನ್ನು ಥಟ್ಟನೆ ಬಿಟ್ಟರೆ ಪ್ರಾಣಕ್ಕೇ ಅಪಾಯ.

4. ವರದಿಯ ಅಂಕಿ ಕಂಡು ಅಂಗಡಿಯಿಂದ ಮಾತ್ರೆ ತರಬೇಡಿರಿ. ಪರೀಕ್ಷೆಗೆ ಬರೆದುಕೊಟ್ಟ ವೈದ್ಯರಿಗೇ ತೋರಿಸಿರಿ.

ಓದು ಬಾರದ ಹಿರಿಯರು ಮನೆಯಲ್ಲಿದ್ದರೆ, ಶಾಲೆಗೆ ಹೋಗುವ ಮಕ್ಕಳಿಂದ ಅವರ ಮಾತ್ರೆಗಳ ಹೆಸರನ್ನು ಒಂದು ಚೀಟಿಯಲ್ಲಿ ಇಂದೇ ಬರೆಸಿಡಿರಿ.