ಹಸಿ ಬೀಜಕ್ಕೆ ಸಿಕ್ಕ ದಾರಿ

ಒಣಗಿಸಿ ಸುಲಿದ ಚಾಲಿ ಅಡಿಕೆಯನ್ನು ಬೆಲೆ ಬರುವ ತನಕ ಅಟ್ಟದಲ್ಲಿಟ್ಟು ಕಾಯಬಹುದು. ಕೊಕ್ಕೋ ಹಾಗಲ್ಲ. ಕಾಯಿ ಒಡೆದರೆ ಬಿಳಿ ಲೋಳೆ ಅಂಟಿದ ಹಸಿ ಬೀಜ. ಬೇಗ ಸಾಗಿಸದಿದ್ದರೆ ಕೆಟ್ಟೇಹೋಗುತ್ತದೆ. ಕೊಳ್ಳುವವನಿಲ್ಲದ ದಿನ ಅದಕ್ಕೆ ಬೆಲೆಯೇ ಇಲ್ಲ. ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ, ಕಡಬದ ತೋಟಗಾರರು ಈ ಕಗ್ಗಂಟನ್ನು ಬಿಡಿಸಿದ್ದು ಒಂದೇ ಏಟಿಗಲ್ಲ.

ಕೊಕ್ಕೋ ಬರುವುದಕ್ಕೂ ಮೊದಲು ಕಾಡಿದ್ದು ಸಾಲದ ಚಿಂತೆ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷವೇ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದರು. ಪುತ್ತೂರಿನಲ್ಲಿ ಆ ಕೆಲಸಕ್ಕೆ ಇಳಿದವರು ವಕೀಲ ಮೊಳಹಳ್ಳಿ ಶಿವರಾಯರು. ಒಬ್ಬೊಬ್ಬರಿಗೇ ಹುಟ್ಟದ ಸಾಲ ಹತ್ತು ಜನ ಒಟ್ಟಾದರೆ ಹುಟ್ಟುತ್ತದೆ ಎಂಬುದನ್ನು ಅವರು 1909ರಲ್ಲಿ ಸ್ಥಾಪಿಸಿದ ಪುತ್ತೂರಿನ ಟೌನ್ ಬ್ಯಾಂಕು ತೋರಿಸಿಕೊಟ್ಟಿತು. 1914ರಲ್ಲಿ ಜಿಲ್ಲಾ ಕೇಂದ್ರ ಬ್ಯಾಂಕೂ ತಲೆಯೆತ್ತಿತು. ಜಿಲ್ಲೆ ಅವರನ್ನು ಸಹಕಾರಿ ಪಿತಾಮಹರೆಂದು ಇಂದಿಗೂ ನೆನೆಯುತ್ತದೆ.

ಆದರೆ ಸೊಸೈಟಿಯ ಸಾಲ ತೀರಬೇಕಾದರೆ ಫಸಲಿಗೆ ಬೆಲೆ ಬೇಕಲ್ಲ? 1970ರ ಆಸುಪಾಸಿನಲ್ಲಿ ಅಡಿಕೆ ಧಾರಣೆ ಕುಸಿದಾಗ ಸಾಲವೊಂದೇ ಸಾಲದೆಂದು ಮನದಟ್ಟಾಯಿತು. ಬೆಲೆ ಹೇಳುವವನು ವ್ಯಾಪಾರಿ, ಕೇಳುವವನು ಬೆಳೆಗಾರ. ಅದನ್ನು ತಿರುಗಿಸಲು ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರ ಜುಲೈ 11ರಂದು ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟಿತು. ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಬೆಳೆಗಾರರ ಸಂಸ್ಥೆಯೇ ಕೊಳ್ಳಲು ನಿಂತಾಗ ಮಾರುಕಟ್ಟೆಯಲ್ಲಿ ಪೈಪೋಟಿ ಬಂತು.

ಅಷ್ಟರಲ್ಲಿ ಅಡಿಕೆ ಮರಗಳ ನಡುವೆ ಕೊಕ್ಕೋ ಬೆಳೆದು ನಿಂತಿತ್ತು. 1980ರ ಸುಮಾರಿಗೆ ಕೊಳ್ಳುತ್ತಿದ್ದ ಕಂಪನಿಗಳು ಹಿಂದೆ ಸರಿದವು. ಕ್ಯಾಂಪ್ಕೊ ಹಸಿ ಬೀಜ ಕೊಳ್ಳಲು ಮುಂದಾಯಿತು. ಹಸಿ ಬೀಜವನ್ನು ದಿನಗಟ್ಟಲೆ ಹುದುಗಲು ಬಿಟ್ಟು, ನಡುನಡುವೆ ಮಗುಚಿ, ಒಣಗಿಸಿದರೆ ಅದು ಕಂದು ಬಣ್ಣಕ್ಕೆ ತಿರುಗಿ ಬಾಳಿಕೆ ಬರುತ್ತದೆ. ಆದರೆ ಒಣಬೀಜ ಕೊಳ್ಳುವುದೂ ಬಿಡುವುದೂ ಮತ್ತೆ ಪರರ ಇಚ್ಛೆಯೇ. ಹಾಗಾಗಿ 1986ರಲ್ಲಿ ಪುತ್ತೂರಿನಲ್ಲೇ ಕ್ಯಾಂಪ್ಕೊದ ಚಾಕೊಲೇಟ್ ಕಾರ್ಖಾನೆ ಎದ್ದಿತು.

ಸಾಲ, ಮಾರುಕಟ್ಟೆ, ಕಾರ್ಖಾನೆ: ಒಂದರ ಕೊರತೆಯೇ ಮುಂದಿನದಕ್ಕೆ ದಾರಿ ತೋರಿಸಿತು. ಈ ದಾರಿ ಉಳಿಯುವುದು ಸದಸ್ಯರ ನಡೆಯಿಂದ. ಧಾರಣೆ ಏರಿದಾಗ ಹೊರಗೆ ಮಾರಿ, ಇಳಿದಾಗ ಮಾತ್ರ ಸಂಘದ ಬಾಗಿಲು ತಟ್ಟಿದರೆ ಯಾವ ಸಂಸ್ಥೆಯೂ ಬಾಳದು. ಒಳ್ಳೆಯ ವರ್ಷದಲ್ಲೂ ಫಸಲಿನ ಒಂದು ಪಾಲನ್ನಾದರೂ ಸಂಘಕ್ಕೇ ಹಾಕುವವನು ಕೆಟ್ಟ ವರ್ಷಕ್ಕೆ ಕೊಳ್ಳುವವನನ್ನು ಉಳಿಸಿಕೊಳ್ಳುತ್ತಾನೆ.