ಅರವತ್ತು ಸಾವಿರ ತಲೆಗಳ ಲೆಕ್ಕ

1953ರಲ್ಲಿ ಅಮೆರಿಕದ ಒಹಾಯೊ ರಾಜ್ಯ ತನ್ನ 150ನೆಯ ವರ್ಷಾಚರಣೆಗೆ ಸಿದ್ಧವಾಗುತ್ತಿದ್ದಾಗ ಮುಜುಗರದ ಸಂಗತಿಯೊಂದು ಬೆಳಕಿಗೆ ಬಂತು. ಒಹಾಯೊವನ್ನು ರಾಜ್ಯವಾಗಿ ಒಕ್ಕೂಟಕ್ಕೆ ಸೇರಿಸಿಕೊಳ್ಳಲಾಗಿದೆ ಎಂದು ಸಾರುವ ವಿಧ್ಯುಕ್ತ ನಿರ್ಣಯವನ್ನು ಕಾಂಗ್ರೆಸ್ 1803ರಲ್ಲಿ ಅಂಗೀಕರಿಸಿರಲೇ ಇಲ್ಲ! ಅಷ್ಟರೊಳಗೆ ಆ ನೆಲದಲ್ಲಿ ಹುಟ್ಟಿದ ಏಳು ಮಂದಿ ಅಮೆರಿಕದ ಅಧ್ಯಕ್ಷರೂ ಆಗಿಹೋಗಿದ್ದರು. ಕೊನೆಗೆ 1953ರ ಆಗಸ್ಟ್ 7ರಂದು ಅಧ್ಯಕ್ಷ ಐಸೆನ್‌ಹೋವರ್ ಒಂದು ನಿರ್ಣಯಕ್ಕೆ ಸಹಿ ಹಾಕಿ, 1803ರ ಮಾರ್ಚ್ 1ರಿಂದಲೇ ಪೂರ್ವಾನ್ವಯವಾಗುವಂತೆ ಒಹಾಯೊವನ್ನು ರಾಜ್ಯವಾಗಿಸಿದರು.

ಇದನ್ನು ಗುಮಾಸ್ತರ ಮರೆವು ಎಂದು ನಕ್ಕು ಬಿಡಬಹುದು. ಆದರೆ ಗಡಿಯಾಚೆಯ ಕಾಡುನೆಲವೊಂದು ರಾಜ್ಯವಾಗುವುದು ಹೇಗೆ ಎಂಬ ಪ್ರಶ್ನೆಗೆ ಅಮೆರಿಕ ಕಂಡುಕೊಂಡ ಉತ್ತರದಲ್ಲಿ ನಿಯಮಕ್ಕೂ ನಡೆಗೂ ಇದ್ದ ಅಂತರ ಆರಂಭದಿಂದಲೂ ಹೀಗೆಯೇ ಇತ್ತು.

ಬ್ರಿಟನ್ನಿನೊಂದಿಗಿನ ಯುದ್ಧ 1783ರಲ್ಲಿ ಮುಗಿದಾಗ, ಒಹಾಯೊ ನದಿ, ಮಿಸಿಸಿಪ್ಪಿ ನದಿ ಹಾಗೂ ಮಹಾ ಸರೋವರಗಳ ನಡುವಿನ ವಿಶಾಲ ಭೂಭಾಗ ಹೊಸ ದೇಶದ ಪಾಲಿಗೆ ಬಂತು. ಇದರ ಮೇಲೆ ತನಗಿದ್ದ ಹಕ್ಕನ್ನು ವರ್ಜೀನಿಯಾ 1784ರಲ್ಲಿ ಒಕ್ಕೂಟಕ್ಕೆ ಬಿಟ್ಟುಕೊಟ್ಟಿತು. ಅಲ್ಲಿಗೆ ಹೋಗಿ ನೆಲೆಸುವವರ ಸ್ಥಾನವೇನು? ನಿನ್ನೆಯವರೆಗೆ ವಸಾಹತಿನ ಪ್ರಜೆಗಳಾಗಿದ್ದವರು ಈಗ ತಾವೇ ವಸಾಹತುಗಳ ಒಡೆಯರಾಗುವುದೇ? ಥಾಮಸ್ ಜೆಫರ್‌ಸನ್ 1784ರಲ್ಲಿ ಒಂದು ಯೋಜನೆಯನ್ನು ಮುಂದಿಟ್ಟರು. ಸಿಲ್ವೇನಿಯಾ, ಪಾಲಿಪೊಟೇಮಿಯಾ, ಮೆಟ್ರೊಪೊಟೇಮಿಯಾ ಎಂದೆಲ್ಲ ಅವರು ಸೂಚಿಸಿದ್ದ ಹೆಸರುಗಳು ಪುಣ್ಯಕ್ಕೆ ಕಾಗದದಲ್ಲೇ ಉಳಿದವು. ಆದರೆ ಹೊಸ ರಾಜ್ಯಗಳು ಹಳೆಯವಕ್ಕೆ ಸರಿಸಮಾನ ಎಂಬ ಅವರ ಆಲೋಚನೆ ಉಳಿದುಕೊಂಡಿತು.

ಅದಕ್ಕೆ ಖಚಿತ ರೂಪ ಕೊಟ್ಟದ್ದು 1787ರ ಜುಲೈ 13ರ ವಾಯವ್ಯ ಪ್ರದೇಶ ಶಾಸನ. ಫಿಲಡೆಲ್ಫಿಯಾದಲ್ಲಿ ಸಂವಿಧಾನದ ಕರಡು ಸಿದ್ಧವಾಗುತ್ತಿದ್ದ ದಿನಗಳಲ್ಲೇ ನ್ಯೂಯಾರ್ಕಿನಲ್ಲಿ ಸೇರಿದ್ದ ಹಳೆಯ ಕಾಂಗ್ರೆಸ್ ಇದನ್ನು ಅಂಗೀಕರಿಸಿತು. ಮೊದಲ ಹಂತದಲ್ಲಿ ಕಾಂಗ್ರೆಸ್ ನೇಮಿಸುವ ಗವರ್ನರ್, ಒಬ್ಬ ಕಾರ್ಯದರ್ಶಿ ಮತ್ತು ಮೂವರು ನ್ಯಾಯಾಧೀಶರದೇ ಆಡಳಿತ. ವಯಸ್ಕ ಸ್ವತಂತ್ರ ಪುರುಷರ ಸಂಖ್ಯೆ 5,000 ಮುಟ್ಟಿದಾಗ ಚುನಾಯಿತ ಸಭೆ. ಕಾಂಗ್ರೆಸ್ಸಿನಲ್ಲಿ ಮಾತನಾಡಬಲ್ಲ, ಆದರೆ ಮತ ಹಾಕಲಾಗದ ಒಬ್ಬ ಪ್ರತಿನಿಧಿ. ಸ್ವತಂತ್ರ ನಿವಾಸಿಗಳು 60,000 ಆದಾಗ ತಮ್ಮ ಸಂವಿಧಾನವನ್ನು ತಾವೇ ಬರೆದುಕೊಂಡು, ಮೂಲ ರಾಜ್ಯಗಳಿಗೆ ಎಲ್ಲ ವಿಧದಲ್ಲೂ ಸಮನಾಗಿ ಒಕ್ಕೂಟ ಸೇರುವ ಹಕ್ಕು. ಇಂದಿಗೂ ಬೆರಗುಗೊಳಿಸುವುದು ಈ ಕೊನೆಯ ಮಾತು. ಗೆದ್ದ ನೆಲಕ್ಕೆ ಸಮಾನತೆಯ ಭರವಸೆಯನ್ನು ಮುಂಗಡವಾಗಿ ಬರೆದುಕೊಟ್ಟ ಪ್ರಭುತ್ವಗಳು ಚರಿತ್ರೆಯಲ್ಲಿ ವಿರಳ.

ಆದರೆ ಆ 60,000ದಲ್ಲಿ ಯಾರಿದ್ದರು? ಮತ ಹಾಕಲು 50 ಎಕರೆ ಭೂಮಿ ಬೇಕಿತ್ತು. ಗುಲಾಮಗಿರಿಯನ್ನು ಶಾಸನ ನಿಷೇಧಿಸಿತಾದರೂ ಓಡಿಬಂದ ಗುಲಾಮರನ್ನು ಒಡೆಯರಿಗೆ ಮರಳಿಸುವ ಅವಕಾಶವನ್ನೂ ಇಟ್ಟುಕೊಂಡಿತು. ತಲೆಮಾರುಗಳಿಂದ ಅಲ್ಲೇ ಬಾಳಿದ್ದ ಶಾನೀ, ಮಯಾಮಿ ಮೊದಲಾದ ಮೂಲನಿವಾಸಿಗಳು ಈ ಎಣಿಕೆಗೆ ಸೇರಿದವರೇ ಅಲ್ಲ. ಅವರೊಂದಿಗೆ ಸದ್ಭಾವನೆಯಿಂದ ನಡೆದುಕೊಳ್ಳಬೇಕು, ಒಪ್ಪಿಗೆಯಿಲ್ಲದೆ ಅವರ ನೆಲವನ್ನು ಪಡೆಯಬಾರದು ಎಂದು ಅದೇ ಶಾಸನ ಹೇಳುತ್ತದೆ. ನಡೆದದ್ದು ಯುದ್ಧ. 1791ರಲ್ಲಿ ಗವರ್ನರ್ ಆರ್ಥರ್ ಸೇಂಟ್ ಕ್ಲೇರ್ ಅವರ ಸೇನೆಯನ್ನು ಮೂಲನಿವಾಸಿಗಳ ಕೂಟ ಧೂಳೀಪಟ ಮಾಡಿತು. 600ಕ್ಕೂ ಹೆಚ್ಚು ಸೈನಿಕರು ಸತ್ತರು. 1794ರಲ್ಲಿ ಫಾಲನ್ ಟಿಂಬರ್ಸ್ ಕದನದಲ್ಲಿ ಗೆಲುವು ಸೇನೆಯದಾಯಿತು. ಮರುವರ್ಷದ ಗ್ರೀನ್‌ವಿಲ್ ಒಪ್ಪಂದದಲ್ಲಿ ಇಂದಿನ ಒಹಾಯೊದ ಬಹುಪಾಲು ನೆಲ ಅವರ ಕೈತಪ್ಪಿತು. ಜನಸಂಖ್ಯೆ ವೇಗವಾಗಿ ಏರತೊಡಗಿದ್ದು ಆಮೇಲೆಯೇ.

ಎಣಿಕೆ ಕೂಡ ಕಲ್ಲಿನ ಮೇಲೆ ಕೊರೆದದ್ದಾಗಿರಲಿಲ್ಲ. 60,000ಕ್ಕಿಂತ ಕಡಿಮೆ ಇದ್ದರೂ ಸೇರಿಸಿಕೊಳ್ಳಬಹುದೆಂಬ ಕಿಂಡಿಯನ್ನು ಶಾಸನವೇ ತೆರೆದಿಟ್ಟಿತ್ತು. 1800ರ ಜನಗಣತಿಯಲ್ಲಿ ಒಹಾಯೊದ ಜನಸಂಖ್ಯೆ 45,365. ಗವರ್ನರ್ ಸೇಂಟ್ ಕ್ಲೇರ್ ಫೆಡರಲಿಸ್ಟ್ ಪಕ್ಷದವರು. ಪ್ರದೇಶವನ್ನು ಒಡೆದು ರಾಜ್ಯಸ್ಥಾನವನ್ನು ಮುಂದೂಡಲು ಯತ್ನಿಸಿದರು. ಅಧ್ಯಕ್ಷ ಜೆಫರ್‌ಸನ್ನರ ಪಕ್ಷಕ್ಕೆ ಹೊಸ ರಾಜ್ಯದ ಮತಗಳು ಬೇಕಾಗಿದ್ದವು. 1802ರಲ್ಲಿ ಕಾಂಗ್ರೆಸ್ ಅನುಮತಿ ಕೊಟ್ಟಿತು, ಸೇಂಟ್ ಕ್ಲೇರ್ ವಜಾ ಆದರು. ಅವರ ವೀಟೋಗಳಿಂದ ಬೇಸತ್ತಿದ್ದ ಜನ ತಮ್ಮ ಮೊದಲ ಸಂವಿಧಾನದಲ್ಲಿ ಗವರ್ನರ್‌ಗೆ ವೀಟೋ ಅಧಿಕಾರವನ್ನೇ ಕೊಡಲಿಲ್ಲ.

ಇಲಿನಾಯ್ ಕಥೆ ಇನ್ನೂ ಸ್ವಾರಸ್ಯಕರ. 1818ರಲ್ಲಿ ಕಾಂಗ್ರೆಸ್ ಅದಕ್ಕೆ ವಿಧಿಸಿದ ಮಿತಿ 40,000. ಮೊದಲ ಎಣಿಕೆಯಲ್ಲಿ ಸಿಕ್ಕಿದ್ದು 34,620 ಮಂದಿ. ಪೂರಕ ಎಣಿಕೆ ನಡೆದು ಸಂಖ್ಯೆ 40,258ಕ್ಕೆ ಏರಿತು! ನಮ್ಮ ಮತದಾರರ ಪಟ್ಟಿಗಳನ್ನು ಬಲ್ಲವರಿಗೆ ಇದು ಹೊಸದೆನಿಸಲಾರದು.

ನೆವಾಡದ ವಿಷಯದಲ್ಲಂತೂ ಎಣಿಕೆಯ ಮಾತೇ ಬರಲಿಲ್ಲ. 1860ರಲ್ಲಿ ಅಲ್ಲಿದ್ದವರು 7,000ಕ್ಕೂ ಕಡಿಮೆ ಜನ. ಬೆಳ್ಳಿ ಗಣಿಗಳಿಂದಾಗಿ ಆ ಸಂಖ್ಯೆ ಬೆಳೆಯಿತಾದರೂ 1870ರಲ್ಲಿ ಕೂಡ ಅದು 42,491 ಮಾತ್ರ. ಆದರೆ 1864ರಲ್ಲಿ, ಅಂತರ್ಯುದ್ಧದ ನಡುವೆ, ಲಿಂಕನ್ನರ ಪಕ್ಷಕ್ಕೆ ಬೆಂಬಲ ಬೇಕಾಗಿತ್ತು. ಇಡೀ ಸಂವಿಧಾನವನ್ನು ತಂತಿಯ ಮೂಲಕ ವಾಷಿಂಗ್ಟನ್ನಿಗೆ ಕಳುಹಿಸಲಾಯಿತು. ಮತದಾನಕ್ಕೆ ಎಂಟು ದಿನವಿರುವಾಗ, ಅಕ್ಟೋಬರ್ 31ರಂದು, ನೆವಾಡ ರಾಜ್ಯವಾಯಿತು.

ಇದರ ಪಕ್ಕದಲ್ಲಿ ನ್ಯೂ ಮೆಕ್ಸಿಕೊವನ್ನಿಟ್ಟು ನೋಡಬೇಕು. ಅದು ಪ್ರದೇಶವಾದ 1850ರಲ್ಲೇ ಅಲ್ಲಿನ ಜನಸಂಖ್ಯೆ 61,000 ದಾಟಿತ್ತು. ಆದರೆ ಅವರಲ್ಲಿ ಬಹುತೇಕರ ಭಾಷೆ ಸ್ಪ್ಯಾನಿಷ್, ಧರ್ಮ ಕ್ಯಾಥೊಲಿಕ್. ಸ್ವಯಮಾಡಳಿತಕ್ಕೆ ಇವರು ಯೋಗ್ಯರೇ ಎಂಬ ಅನುಮಾನ ವಾಷಿಂಗ್ಟನ್ನಿನಲ್ಲಿ ದಶಕಗಟ್ಟಲೆ ಹೊಗೆಯಾಡಿತು. ರಾಜ್ಯಸ್ಥಾನ ದೊರೆತದ್ದು 1912ರಲ್ಲಿ, 62 ವರ್ಷ ಕಾದ ಮೇಲೆ.

ಒಮ್ಮೆ ಒಳಗೆ ಬಂದ ರಾಜ್ಯಕ್ಕೆ ಸಮಾನತೆಯ ಭರವಸೆ ಹುಸಿಯಾಗಲಿಲ್ಲ ಎಂಬುದನ್ನೂ ಹೇಳಬೇಕು. ರಾಜಧಾನಿಯನ್ನು 1913ರವರೆಗೆ ಗಥ್ರಿ ಪಟ್ಟಣದಿಂದ ಕದಲಿಸಬಾರದೆಂದು ಕಾಂಗ್ರೆಸ್ ಓಕ್ಲಹೋಮಕ್ಕೆ ಷರತ್ತು ಹಾಕಿತ್ತು. ರಾಜ್ಯ ಅದನ್ನು ಮೊದಲೇ ಸ್ಥಳಾಂತರಿಸಿತು. ಹಳೆಯ ರಾಜ್ಯಗಳಿಗಿಲ್ಲದ ಕಟ್ಟುಪಾಡು ಹೊಸ ರಾಜ್ಯಕ್ಕೂ ಇರಲಾಗದೆಂದು 1911ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು.

ಹಾಗಾಗಿ ನಿಜವಾದ ಜಗಳವೆಲ್ಲ ಬಾಗಿಲಲ್ಲೇ. 1898ರಲ್ಲಿ ಸ್ಪೇನಿನಿಂದ ಅಮೆರಿಕದ ವಶಕ್ಕೆ ಬಂದ ಪೋರ್ಟೊ ರಿಕೊದಲ್ಲಿ 2020ರ ಜನಗಣತಿಯಂತೆ ಸುಮಾರು 32.8 ಲಕ್ಷ ಜನರಿದ್ದಾರೆ. ಅವರು 1917ರಿಂದ ಅಮೆರಿಕದ ಪೌರರು. ಅಮೆರಿಕದ ಸೇನೆಯಲ್ಲಿ ದುಡಿದಿದ್ದಾರೆ. ಕಾಂಗ್ರೆಸ್ಸಿನ ಕೆಳಮನೆಯಲ್ಲಿ ಅವರಿಗೊಬ್ಬ ಪ್ರತಿನಿಧಿ ಇದ್ದಾನೆ. ಆತ ಮಾತನಾಡಬಲ್ಲ, ಮಸೂದೆಯನ್ನು ಸದನದಲ್ಲಿ ಅಂತಿಮವಾಗಿ ಮತಕ್ಕೆ ಹಾಕುವಾಗ ಅವನಿಗೆ ಮತವಿಲ್ಲ. 1787ರ ಶಾಸನದ ಎರಡನೆಯ ಹಂತದಲ್ಲಿ, 5,000 ಮಂದಿಗೆ ಸಿಕ್ಕಿದ್ದೂ ಇಷ್ಟೇ.